ಎಣ್ಣೆ ಬಿಟ್ಟರೂ ಲಿವರಿಗೆ ಕೊಬ್ಬು ಬಂದದ್ದು ಹೇಗೆ?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಚಿಕ್ಕಮ್ಮನ ಮಗ ಆರೋಗ್ಯ ತಪಾಸಣೆಯ ವರದಿಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅವನಿಗೆ 48 ವರ್ಷ, ಉಡುಪಿಯಲ್ಲಿ ಲೆಕ್ಕಪತ್ರದ ಕೆಲಸ, ಕೈಕಾಲು ಸಪೂರ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಹೊಟ್ಟೆಯ ಸ್ಕ್ಯಾನಿಂಗ್ ವರದಿಯ ಕೊನೆಯ ಸಾಲಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದಿತ್ತು. ಆ ಸಾಲನ್ನು ಅವನು ನಾಲ್ಕು ದಿನ ಹೆಂಡತಿಗೂ ತೋರಿಸಿರಲಿಲ್ಲ, ಏಕೆಂದರೆ ನಮ್ಮ ಕಡೆ ಲಿವರ್ ಹಾಳಾಯಿತು ಎಂದರೆ ಕುಡಿತ ಎಂದೇ ಅರ್ಥ. “ಅಕ್ಕ, ನಾನು ಒಂದು ದಿನವೂ ಕುಡಿದವನಲ್ಲ. ಕರಿದ ತಿಂಡಿ ಬಿಟ್ಟು ಎರಡು ವರ್ಷ ಆಯಿತು. ಮತ್ತೆ ಲಿವರಿಗೆ ಕೊಬ್ಬು ಎಲ್ಲಿಂದ ಬಂತು?” ಎಂದು ಕೇಳಿದ. ಜೀವರಸಾಯನಶಾಸ್ತ್ರವನ್ನು ಮೂವತ್ತು ವರ್ಷ ಕಲಿಸಿದವಳಿಗೆ ಇದರ ಉತ್ತರ ಗೊತ್ತಿರಬೇಕು, ಗೊತ್ತಿದೆ. ಆದರೆ ಪಠ್ಯಪುಸ್ತಕಗಳಲ್ಲಿ ಆ ಉತ್ತರ ಬೊಜ್ಜು, ಇನ್ಸುಲಿನ್, ಯಕೃತ್ತು ಎಂಬ ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಕೊಂಡಿದೆ. ಅಂದು ಅವನಿಗೆ ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಇನ್ಸುಲಿನ್. ಅದು ರಕ್ತದ ಸಕ್ಕರೆಯನ್ನು ಇಳಿಸುವ ವಸ್ತು ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಬೇರ್ಪಡಿಸಿದರು, ಮುಂದಿನ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಅದನ್ನು ಮೊದಲ ಬಾರಿ ಚುಚ್ಚಲಾಯಿತು. ಅದಕ್ಕೂ ಮುಂಚಿನ ದಿನಗಳಲ್ಲಿ ಇನ್ಸುಲಿನ್ ಇಲ್ಲದ ಮಕ್ಕಳು ಎಷ್ಟು ಉಂಡರೂ ಮೂಳೆಚಕ್ಕಳವಾಗಿ ಸಾಯುತ್ತಿದ್ದರು ಎಂಬ ಸಂಗತಿಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಒತ್ತಿ ಹೇಳುತ್ತಿದ್ದೆ, ಏಕೆಂದರೆ ಇನ್ಸುಲಿನ್‌ನ ನಿಜವಾದ ಕೆಲಸ ಏನೆಂಬುದು ಅದರಿಂದಲೇ ತಿಳಿಯುತ್ತದೆ. ಅದು ಉಂಡದ್ದನ್ನು ಶೇಖರಿಸುವ ಹಾರ್ಮೋನು. ಊಟವಾದ ಬಳಿಕ ರಕ್ತಕ್ಕೆ ಸೇರುವ ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳುವಂತೆ ಅದು ಸ್ನಾಯುಗಳಿಗೆ ಹೇಳುತ್ತದೆ. ಯಕೃತ್ತಿಗೆ ಎರಡು ಮಾತು ಹೇಳುತ್ತದೆ: ಒಂದಷ್ಟು ಗ್ಲೂಕೋಸನ್ನು ಗ್ಲೈಕೋಜೆನ್ ಆಗಿ ಕೂಡಿಡು, ನೀನಾಗಿ ಹೊಸ ಗ್ಲೂಕೋಸ್ ತಯಾರಿಸುವುದನ್ನು ಸದ್ಯಕ್ಕೆ ನಿಲ್ಲಿಸು. ಕೊಬ್ಬಿನ ಕೋಶಗಳಿಗಂತೂ ಬಂದ ಕೊಬ್ಬನ್ನು ಬಾಗಿಲು ಹಾಕಿ ಒಳಗಿಡುವಂತೆ, ಊಟದ ಹೊತ್ತಿನಲ್ಲಿ ಹೊರಗೆ ಬಿಡದಂತೆ ಕಟ್ಟಪ್ಪಣೆ ಮಾಡುತ್ತದೆ. ಈ ಕೊನೆಯ ಕೆಲಸ ಸಾಮಾನ್ಯ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ನಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಇದೆ.

ಇನ್ಸುಲಿನ್ ಸಾಕಷ್ಟಿದ್ದರೂ ದೇಹ ಅದರ ಮಾತನ್ನು ಸರಿಯಾಗಿ ಕೇಳದಿರಬಹುದು ಎಂಬುದನ್ನು 1936ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ಗುರುತಿಸಿದ. ರಕ್ತದಲ್ಲಿರುವ ಇನ್ಸುಲಿನ್ನನ್ನು ನೇರವಾಗಿ ಅಳೆಯುವ ವಿಧಾನ ಬಂದದ್ದು ಸುಮಾರು ಕಾಲು ಶತಮಾನದ ಬಳಿಕ. ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಆ ವಿಧಾನವನ್ನು ರೂಪಿಸಿ ಅಳೆದಾಗ, ದೊಡ್ಡವರಲ್ಲಿ ಕಾಣಿಸುವ ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರುವ ಬದಲು ಹೆಚ್ಚೇ ಇತ್ತು. ಆ ಅಳತೆಯ ವಿಧಾನಕ್ಕಾಗಿ ಯಾಲೋಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಷ್ಟೇ ಇನ್ಸುಲಿನ್‌ಗೆ ಮೊದಲಿಗಿಂತ ಕಡಿಮೆ ಓಗೊಡುವುದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಸುಮ್ಮನೆ ಕುಳಿತುಕೊಳ್ಳುವುದಿಲ್ಲ, ಒಂದು ಪಾಲು ಸಾಕಾಗುತ್ತಿದ್ದಲ್ಲಿ ಎರಡು ಮೂರು ಪಾಲು ಇನ್ಸುಲಿನ್ ಸುರಿಸಿ ಕೆಲಸ ಸಾಗಿಸುತ್ತದೆ. ಆದ್ದರಿಂದ ವರ್ಷಗಟ್ಟಲೆ ರಕ್ತದ ಸಕ್ಕರೆ ಸರಿಯಾಗಿಯೇ ಕಾಣುತ್ತದೆ, ‘ಶುಗರ್ ನಾರ್ಮಲ್ ಇದೆ’ ಎಂದು ನಾವು ನೆಮ್ಮದಿಯಿಂದ ಇರುತ್ತೇವೆ. ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗುವುದು ಈ ಹೆಚ್ಚುವರಿ ಇನ್ಸುಲಿನ್‌ನ ಗುರುತು. ಕೊಳೆಯೆಂದು ತಿಳಿದು ತಾಯಂದಿರು ಮಕ್ಕಳ ಕುತ್ತಿಗೆಯನ್ನು ತಿಕ್ಕುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಅದು ತಿಕ್ಕಿದರೆ ಹೋಗುವಂಥದ್ದಲ್ಲ.

ಹಾಗಾದರೆ ದೇಹ ಇನ್ಸುಲಿನ್‌ನ ಮಾತು ಕೇಳದಂತಾಗುವುದು ಏಕೆ? ಇಲ್ಲಿ ನನಗೆ ನೆನಪಾಗುವುದು ನಮ್ಮ ಹಳೆಯ ಮನೆಯ ಪತ್ತಾಯ. ಏಣೆಲಿನ ಕೊಯ್ಲು ಮುಗಿದು ಭತ್ತ ಒಣಗಿದ ಮೇಲೆ ಅದು ಮರದ ಆ ದೊಡ್ಡ ಕಣಜಕ್ಕೆ ಸೇರುತ್ತಿತ್ತು. ಪತ್ತಾಯದಲ್ಲಿ ಇರುವಷ್ಟು ಕಾಲ ಭತ್ತದಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಪತ್ತಾಯ ತುಂಬಿಯೂ ಭತ್ತ ಉಳಿದರೆ ಅದನ್ನು ಚಾವಡಿಯ ಮೂಲೆಯಲ್ಲಿ, ಅಟ್ಟದಲ್ಲಿ, ಅಡುಗೆಮನೆಯ ಗೋಡೆಯ ಬದಿಯಲ್ಲಿ ಇಡಬೇಕಾಗುತ್ತಿತ್ತು. ಆಮೇಲೆ ಮಳೆಯ ಥಂಡಿಗೆ ಮುಗ್ಗಲು, ಇಲಿ, ಹುಳು. ದೇಹದಲ್ಲಿ ಕೊಬ್ಬಿನ ಪತ್ತಾಯವೆಂದರೆ ಚರ್ಮದ ಕೆಳಗಿನ ಕೊಬ್ಬಿನ ಪದರ, ಅದರಲ್ಲೂ ಸೊಂಟ ಮತ್ತು ತೊಡೆಗಳದ್ದು. ಕೊಬ್ಬನ್ನು ಇಡಲೆಂದೇ ಇರುವ ಜಾಗ ಅದು, ಅಲ್ಲಿ ಇರುವವರೆಗೆ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಆ ಜಾಗ ಎಷ್ಟು ಹಿಗ್ಗಬಲ್ಲದು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ, ಅದರಲ್ಲಿ ವಂಶದ ಪಾತ್ರ ದೊಡ್ಡದು. ಅದರ ಮಿತಿ ಮೀರಿದ ಮೇಲೆ ಕೊಬ್ಬು ಕರುಳಿನ ಸುತ್ತ, ಯಕೃತ್ತಿನಲ್ಲಿ, ಸ್ನಾಯುಗಳ ಎಳೆಗಳ ನಡುವೆ, ಮೇದೋಜೀರಕದಲ್ಲಿ ಸೇರತೊಡಗುತ್ತದೆ. ಇರಬಾರದ ಜಾಗದಲ್ಲಿ ಸೇರಿದ ಆ ಕೊಬ್ಬಿನ ಕೆಲವು ಮಧ್ಯಂತರ ರೂಪಗಳು ಕೋಶದೊಳಗೆ ಇನ್ಸುಲಿನ್‌ನ ಸಂದೇಶ ಮುಂದಕ್ಕೆ ಹೋಗದಂತೆ ತಡೆಯುತ್ತವೆ. ಜೊತೆಗೆ, ತುಂಬಿ ಬಿರಿಯುವ ಹಂತಕ್ಕೆ ಬಂದ ಕೊಬ್ಬಿನ ಕೋಶಗಳ ಸುತ್ತ ಉರಿಯೂತ ಹುಟ್ಟುತ್ತದೆ, ಅಲ್ಲಿಂದ ಹೊರಡುವ ರಾಸಾಯನಿಕಗಳು ಪ್ರತಿರೋಧವನ್ನು ಇನ್ನೂ ಹೆಚ್ಚಿಸುತ್ತವೆ.

ಇದು ಬರಿಯ ಹೋಲಿಕೆಯ ಮಾತಲ್ಲ ಎಂಬುದಕ್ಕೆ ಒಂದು ವಿರಳ ಕಾಯಿಲೆ ಸಾಕ್ಷಿ ನುಡಿಯುತ್ತದೆ. ಲೈಪೊಡಿಸ್ಟ್ರೋಫಿ ಎಂಬ ಆ ಸ್ಥಿತಿಯಲ್ಲಿ ಚರ್ಮದ ಕೆಳಗೆ ಕೊಬ್ಬಿನ ಪದರವೇ ಬೆಳೆಯುವುದಿಲ್ಲ, ಅಥವಾ ಬೆಳೆದದ್ದು ಕರಗಿಹೋಗುತ್ತದೆ. ಕೊಬ್ಬೇ ಇಲ್ಲದವರಿಗೆ ಇನ್ಸುಲಿನ್ ಪ್ರತಿರೋಧ ಬರಬಾರದು ಎಂದು ನಾವು ಊಹಿಸುತ್ತೇವೆ. ಆದರೆ ಅವರಲ್ಲಿ ಅತಿ ತೀವ್ರವಾದ ಪ್ರತಿರೋಧ, ಸಕ್ಕರೆ ಕಾಯಿಲೆ, ಕೊಬ್ಬು ತುಂಬಿದ ದೊಡ್ಡ ಯಕೃತ್ತು ಇರುತ್ತವೆ. ಪತ್ತಾಯವೇ ಇಲ್ಲದ ಮನೆಯಲ್ಲಿ ಭತ್ತವೆಲ್ಲ ಚಾವಡಿಗೇ ಬೀಳಬೇಕಷ್ಟೆ. ಇನ್ನೊಂದು ತುದಿಯಲ್ಲಿ, ತೂಕ ಬಹಳ ಹೆಚ್ಚಿದ್ದರೂ ಕೊಬ್ಬೆಲ್ಲ ಸೊಂಟ ತೊಡೆಗಳಲ್ಲಿ ಇರುವ ಕಾರಣಕ್ಕೆ ಯಕೃತ್ತು ಚೆನ್ನಾಗಿಯೇ ಇರುವವರೂ ಇದ್ದಾರೆ.

ನಮ್ಮ ದೇಶದವರ ಪತ್ತಾಯ ಚಿಕ್ಕದು. ಇದನ್ನು ಮರೆಯಲಾಗದಂತೆ ತೋರಿಸಿದ್ದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಚಿತ್ರ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕೂಡ 22.3, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮಾನರು. ಆದರೆ ದೇಹದ ಕೊಬ್ಬನ್ನು ಅಳೆದಾಗ ಯಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು ಶೇಕಡಾ 21.2. ಭಾರತೀಯರ ದೇಹದಲ್ಲಿ ಅದೇ ತೂಕಕ್ಕೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯೊಳಗೆ ಹೆಚ್ಚು. ಆದ್ದರಿಂದಲೇ ನಮ್ಮಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. ಪಾಶ್ಚಾತ್ಯರಿಗೆ ಈ ಅಂಕಿಗಳು 25 ಮತ್ತು 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ನನ್ನ ತಮ್ಮ 168 ಸೆಂಟಿಮೀಟರ್ ಎತ್ತರ, 72 ಕಿಲೋ ತೂಕ, ಬಿಎಂಐ 25.5. ‘ನನ್ನ ಪ್ಯಾಂಟು 34 ಇಂಚು ಅಕ್ಕ, ಅಷ್ಟೇನೂ ದಪ್ಪ ಇಲ್ಲ’ ಎಂದು ಅವನು ವಾದಿಸಿದ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವುದರಿಂದ ಆ ಅಳತೆ ಸುಳ್ಳು ಹೇಳುತ್ತದೆ. ಕೊನೆಯ ಪಕ್ಕೆಲುಬಿನ ಕೆಳಅಂಚು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯದಲ್ಲಿ ದರ್ಜಿಯ ಟೇಪು ಹಿಡಿದು, ಉಸಿರು ಬಿಟ್ಟ ಸ್ಥಿತಿಯಲ್ಲಿ ಅಳೆದಾಗ 96 ಸೆಂಟಿಮೀಟರ್ ಬಂತು.

ಈಗ ಯಕೃತ್ತಿನೊಳಗೆ ಹೋಗೋಣ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದ ಶೇಕಡಾ 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬಿನ ಹನಿಗಳು ಕಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಆ ಕೊಬ್ಬು ಮೂರು ದಾರಿಗಳಿಂದ ಬರುತ್ತದೆ. ಅಮೆರಿಕದಲ್ಲಿ ಈ ಕಾಯಿಲೆಯಿದ್ದ ಕೆಲವರಿಗೆ ಗುರುತು ಹಾಕಿದ ಅಣುಗಳನ್ನು ಕೊಟ್ಟು, ಅವು ಯಕೃತ್ತಿಗೆ ಸೇರಿದ ದಾರಿಯನ್ನು ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಯಕೃತ್ತಿನ ಕೊಬ್ಬಿನಲ್ಲಿ ಶೇಕಡಾ 59ರಷ್ಟು ರಕ್ತದಲ್ಲಿ ತೇಲಿಬಂದ ಕೊಬ್ಬಿನಾಮ್ಲಗಳದು, ಅದರಲ್ಲಿ ಹೆಚ್ಚಿನ ಪಾಲು ದೇಹದ ಕೊಬ್ಬಿನ ಕೋಶಗಳಿಂದ ಸೋರಿದ್ದು. ಶೇಕಡಾ 26ರಷ್ಟನ್ನು ಯಕೃತ್ತು ಸಕ್ಕರೆ ಮತ್ತು ಪಿಷ್ಟದಿಂದ ತಾನೇ ತಯಾರಿಸಿತ್ತು. ತಿಂದ ಎಣ್ಣೆ ತುಪ್ಪಗಳಿಂದ ನೇರವಾಗಿ ಬಂದದ್ದು ಶೇಕಡಾ 15 ಮಾತ್ರ. ತಮ್ಮನ ಪ್ರಶ್ನೆಗೆ ಇದು ಉತ್ತರ: ಎರಡು ವರ್ಷ ಅವನು ಮುಚ್ಚಿದ್ದು ಮೂರು ಬಾಗಿಲುಗಳಲ್ಲಿ ಅತ್ಯಂತ ಚಿಕ್ಕದನ್ನು. ಮುಚ್ಚಿದ್ದು ವ್ಯರ್ಥವೆಂದು ನಾನು ಹೇಳುವುದಿಲ್ಲ. ಹೆಚ್ಚುವರಿ ಶಕ್ತಿ ಸ್ಯಾಚುರೇಟೆಡ್ ಕೊಬ್ಬಿನ ರೂಪದಲ್ಲಿ ಬಂದಾಗ ಯಕೃತ್ತಿನ ಕೊಬ್ಬು ಇನ್ನಷ್ಟು ಏರುವುದನ್ನು ಪ್ರಯೋಗಗಳು ತೋರಿಸಿವೆ, ತೆಂಗಿನೆಣ್ಣೆಯ ನಾಡಿನವರಾದ ನಾವು ಅದನ್ನು ಗಮನಿಸಬೇಕು. ಆದರೆ ದೊಡ್ಡ ಬಾಗಿಲುಗಳೆರಡು ತೆರೆದೇ ಇದ್ದವು.

ಮೊದಲನೆಯ ಬಾಗಿಲು ತೆರೆದುಕೊಳ್ಳುವುದು ಹೀಗೆ. ಕೊಬ್ಬಿನ ಕೋಶಗಳು ಇನ್ಸುಲಿನ್‌ನ ಮಾತು ಕೇಳದಿದ್ದಾಗ ‘ಕೊಬ್ಬನ್ನು ಹೊರಗೆ ಬಿಡಬೇಡ’ ಎಂಬ ಅಪ್ಪಣೆ ಸಡಿಲಾಗುತ್ತದೆ. ಹೊಟ್ಟೆ ತುಂಬ ಉಂಡ ಹೊತ್ತಿನಲ್ಲಿಯೂ, ರಾತ್ರಿ ಮಲಗಿರುವಾಗಲೂ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರುತ್ತಲೇ ಇರುತ್ತವೆ. ಕರುಳಿನ ಸುತ್ತಣ ಕೊಬ್ಬಿನಿಂದ ಸೋರಿದ್ದಂತೂ ಯಕೃತ್ತಿಗೆ ನೇರವಾಗಿ ಹೋಗುವ ರಕ್ತನಾಳವನ್ನೇ ಸೇರುತ್ತದೆ.

ಎರಡನೆಯದು ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಕುತೂಹಲದ ಭಾಗ. ಯಕೃತ್ತಿಗೆ ಇನ್ಸುಲಿನ್ ಎರಡು ಮಾತು ಹೇಳುತ್ತದೆ ಎಂದೆನಲ್ಲ, ಅದು ಹೇಳುವ ಮೂರನೆಯ ಮಾತೊಂದಿದೆ: ಗ್ಲೈಕೋಜೆನ್ ಉಗ್ರಾಣ ತುಂಬಿದ ಮೇಲೂ ಗ್ಲೂಕೋಸ್ ಉಳಿದರೆ ಅದನ್ನು ಕೊಬ್ಬಾಗಿ ಮಾರ್ಪಡಿಸು. ಆ ಉಗ್ರಾಣ ಚಿಕ್ಕದು, ಹಿಡಿಯುವುದು 100 ಗ್ರಾಂ ಆಸುಪಾಸು. ಯಕೃತ್ತು ಪ್ರತಿರೋಧ ತೋರುವಾಗ ಮೂರೂ ಮಾತುಗಳನ್ನು ನಿರ್ಲಕ್ಷಿಸಿದ್ದರೆ ಕನಿಷ್ಠಪಕ್ಷ ಕೊಬ್ಬಿನ ತಯಾರಿಯಾದರೂ ನಿಲ್ಲುತ್ತಿತ್ತು. ಹಾಗಾಗುವುದಿಲ್ಲ. ‘ಗ್ಲೂಕೋಸ್ ತಯಾರಿ ನಿಲ್ಲಿಸು’ ಎಂಬ ಮಾತಿಗೆ ಅದು ಕಿವುಡಾಗುತ್ತದೆ, ‘ಕೊಬ್ಬು ತಯಾರಿಸು’ ಎಂಬ ಮಾತನ್ನು ಮಾತ್ರ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ. ಒಂದೇ ಕೋಶದಲ್ಲಿ ಸಂದೇಶದ ಒಂದು ಕವಲು ಕಡಿದುಹೋಗಿ ಇನ್ನೊಂದು ಕವಲು ಉಳಿದುಕೊಳ್ಳುವ ಈ ಆಯ್ದ ಪ್ರತಿರೋಧದ ಫಲವಾಗಿ ಯಕೃತ್ತು ಸಕ್ಕರೆಯನ್ನೂ ಕೊಬ್ಬನ್ನೂ ಏಕಕಾಲದಲ್ಲಿ ಉತ್ಪಾದಿಸತೊಡಗುತ್ತದೆ. ಸಕ್ಕರೆ ಏರಿದಂತೆ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಇನ್ಸುಲಿನ್ ಹೆಚ್ಚಿದಂತೆ ಕೊಬ್ಬಿನ ತಯಾರಿ ಹೆಚ್ಚುತ್ತದೆ, ಕೊಬ್ಬು ಹೆಚ್ಚಿದಂತೆ ಯಕೃತ್ತು ಇನ್ನೂ ಕಿವುಡಾಗುತ್ತದೆ. ತಯಾರಾದ ಕೊಬ್ಬಿನ ಒಂದು ಭಾಗವನ್ನು ಯಕೃತ್ತು ರಕ್ತಕ್ಕೆ ಕಳಿಸುವುದರಿಂದ ವರದಿಯಲ್ಲಿ ಟ್ರೈಗ್ಲಿಸರೈಡ್ ಏರಿ, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿದಿರುತ್ತದೆ. ತಮ್ಮನ ವರದಿಯಲ್ಲಿ ಇವೆರಡೂ ಹಾಗೆಯೇ ಇದ್ದವು, ಉಪವಾಸದ ಸಕ್ಕರೆಯೂ ಸ್ವಲ್ಪ ಏರಿ 108 ಇತ್ತು. ಅವನು ಅವುಗಳನ್ನು ಬೇರೆ ಬೇರೆ ಕಾಯಿಲೆಗಳ ಪಟ್ಟಿಯಂತೆ ಓದಿ ಹೆದರಿದ್ದ.

ಮೊದಲು ಯಾವುದು, ಬೊಜ್ಜೋ ಪ್ರತಿರೋಧವೋ ಕೊಬ್ಬಿನ ಯಕೃತ್ತೋ ಎಂಬ ಚರ್ಚೆ ತಜ್ಞರಲ್ಲಿ ಮುಗಿದಿಲ್ಲ. ಸುತ್ತು ಒಮ್ಮೆ ಶುರುವಾದ ಮೇಲೆ ಪ್ರತಿಯೊಂದೂ ಇನ್ನೊಂದನ್ನು ತಳ್ಳುತ್ತದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಕರಾವಳಿಯ ಊಟದ ಬಗ್ಗೆ ಹೇಳಲೇಬೇಕು. ಕುಚ್ಚಲಕ್ಕಿಯಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಭತ್ತವನ್ನು ಹೊಟ್ಟಿನೊಂದಿಗೇ ಬೇಯಿಸುವುದರಿಂದ ಬಿ ಜೀವಸತ್ವಗಳು ಅಕ್ಕಿಯೊಳಗೆ ಇಳಿದು ಉಳಿಯುತ್ತವೆ ಎಂಬುದು ನಿಜ, ಬೆಳ್ತಿಗೆಗಿಂತ ಅದು ಮೇಲು ಎನ್ನಲು ನಾನೂ ಸಿದ್ಧಳಿದ್ದೇನೆ. ಆದರೆ ಅದು ಪಿಷ್ಟವೇ, ಮತ್ತು ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಬೆಳಿಗ್ಗೆ ಬೆಲ್ಲ ಕಾಯಿಯೊಂದಿಗೆ ಐದಾರು ನೀರುದೋಸೆ, ಮಧ್ಯಾಹ್ನ ಅನ್ನ, ಸಂಜೆ ಚಹಾದೊಂದಿಗೆ ಅವಲಕ್ಕಿ, ರಾತ್ರಿ ಒಂಬತ್ತೂವರೆಗೆ ಮತ್ತೆ ಅನ್ನ: ತಮ್ಮನ ದಿನವಿಡೀ ಅಕ್ಕಿಯೇ. ಭಾರತೀಯರ ಆಹಾರದ ಶಕ್ತಿಯಲ್ಲಿ ಶೇಕಡಾ 62ರಷ್ಟು ಪಿಷ್ಟ ಮತ್ತು ಸಕ್ಕರೆಗಳಿಂದ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ರಾಷ್ಟ್ರವ್ಯಾಪಿ ಸಮೀಕ್ಷೆ ಹೇಳುತ್ತದೆ. ನೇಜಿ ನೆಟ್ಟು, ಬಾವಿಯಿಂದ ನೀರು ಸೇದಿ, ಸೊಪ್ಪಿನ ಹೊರೆ ಹೊತ್ತ ನಮ್ಮ ಅಜ್ಜ ಅಜ್ಜಿಯರ ಸ್ನಾಯುಗಳು ಆ ಅನ್ನವನ್ನು ಸಂಜೆಯೊಳಗೆ ಖರ್ಚು ಮಾಡುತ್ತಿದ್ದವು. ಅದೇ ಬಟ್ಟಲು ಅನ್ನವನ್ನು ಕುರ್ಚಿಯಲ್ಲಿ ಕುಳಿತವರ ಸ್ನಾಯುಗಳು ಖರ್ಚು ಮಾಡಲಾರವು. ಸಕ್ಕರೆಯ ವಿಷಯ ಇನ್ನೂ ಗಂಭೀರ, ಏಕೆಂದರೆ ಅದರ ಅರ್ಧ ಭಾಗವಾದ ಫ್ರಕ್ಟೋಸ್ ಹೆಚ್ಚಾಗಿ ಯಕೃತ್ತಿನಲ್ಲಿಯೇ ಕರಗಬೇಕು, ಪ್ರಮಾಣ ಹೆಚ್ಚಾದಾಗ ಅದು ಬೇಗನೆ ಕೊಬ್ಬಾಗುತ್ತದೆ. ಬೆಲ್ಲವೂ ಬಹುಪಾಲು ಇದೇ ಸಕ್ಕರೆ. ಸಕ್ಕರೆ ಹಾಕಿದ ಜ್ಯೂಸು, ತಂಪು ಪಾನೀಯ, ರಾತ್ರಿಯೂಟದ ಬಳಿಕದ ಗಡ್‌ಬಡ್ ಐಸ್‌ಕ್ರೀಮು, ಇವುಗಳನ್ನು ನಾವು ‘ಊಟ’ದ ಲೆಕ್ಕಕ್ಕೆ ಸೇರಿಸುವುದೇ ಇಲ್ಲ.

ಯಕೃತ್ತಿನಲ್ಲಿ ಕೊಬ್ಬು ಸೇರಿದವರಲ್ಲಿ ಹೆಚ್ಚಿನವರಿಗೆ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತ ಶುರುವಾಗಿ, ಕೋಶಗಳು ಸತ್ತು, ಗಾಯದ ಕಲೆಯಂಥ ನಾರು ಬೆಳೆದು, ವರ್ಷಗಳ ಬಳಿಕ ಸಿರೋಸಿಸ್‌ಗೂ ಕ್ಯಾನ್ಸರಿಗೂ ದಾರಿಯಾಗುತ್ತದೆ. ಕುಡಿಯದವರಲ್ಲಿಯೂ ಈ ಉರಿಯೂತ ಬರುತ್ತದೆ ಎಂದು ಅಮೆರಿಕದ ಮೇಯೊ ಕ್ಲಿನಿಕ್ಕಿನ ರೋಗಶಾಸ್ತ್ರಜ್ಞ ಲುಡ್ವಿಗ್ 1980ರಲ್ಲಿ ಹೆಸರಿಟ್ಟು ವರ್ಣಿಸಿದ. 2023ರಲ್ಲಿ ತಜ್ಞರ ಸಂಘಗಳು ಸೇರಿ ‘ಮದ್ಯವಲ್ಲದ’ ಎಂಬ ಹಳೆಯ ಹೆಸರನ್ನು ಕೈಬಿಟ್ಟು, ಚಯಾಪಚಯದ ಏರುಪೇರಿನಿಂದ ಬಂದ ಯಕೃತ್ತಿನ ಕೊಬ್ಬು ಎಂಬರ್ಥದ ‘ಎಂಎಎಸ್‌ಎಲ್‌ಡಿ’ ಎಂಬ ಹೆಸರನ್ನು ತಂದವು. ಏನಲ್ಲ ಎಂಬುದರ ಬದಲು ಏನು ಎಂಬುದನ್ನು ಹೇಳುವ ಈ ಹೆಸರು ನನಗೆ ಒಪ್ಪಿಗೆ, ನಾಲ್ಕು ದಿನ ವರದಿಯನ್ನು ಬಚ್ಚಿಟ್ಟವನ ಮುಖ ನೋಡಿದ ಮೇಲೆ ಇನ್ನೂ ಹೆಚ್ಚು.

ಸ್ಕ್ಯಾನಿಂಗ್‌ನ ಗ್ರೇಡು ಕೊಬ್ಬಿನ ಪ್ರಮಾಣವನ್ನು ಅಂದಾಜಿಸುತ್ತದೆ, ನಾರು ಬೆಳೆದಿದೆಯೇ ಎಂಬುದನ್ನು ಹೇಳುವುದಿಲ್ಲ. ಮುಂದಿನ ಅಪಾಯ ನಿಂತಿರುವುದು ನಾರಿನ ಮೇಲೆ. ಅದನ್ನು ಅಂದಾಜಿಸಲು ಎಫ್‌ಐಬಿ-4 ಎಂಬ ಸರಳ ಲೆಕ್ಕವಿದೆ. ಅದರಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಎಂಬವು ರಕ್ತ ಪರೀಕ್ಷೆಯಲ್ಲಿ ಅಳೆಯುವ ಯಕೃತ್ತಿನ ಕಿಣ್ವಗಳು, ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಬಂದದ್ದನ್ನು ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ತಮ್ಮನ ಎಎಸ್‌ಟಿ 38, ಎಎಲ್‌ಟಿ 52, ಪ್ಲೇಟ್‌ಲೆಟ್ 240 ಸಾವಿರ, ಲೆಕ್ಕ ಸುಮಾರು 1.05. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ನಾರು ಇರುವ ಸಾಧ್ಯತೆ ಕಡಿಮೆ. ಮೀರಿದರೆ ಯಕೃತ್ತಿನ ಬಿಗುವನ್ನು ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಎಎಲ್‌ಟಿ ಸರಿಯಾಗಿದೆ ಎಂದ ಮಾತ್ರಕ್ಕೆ ಯಕೃತ್ತು ಸರಿಯಾಗಿದೆ ಎಂದು ತಿಳಿಯಬಾರದು.

ಸಮಾಧಾನದ ಸಂಗತಿಯೆಂದರೆ, ಚಾವಡಿಗೆ ಕೊನೆಯಲ್ಲಿ ಬಂದ ಭತ್ತವೇ ಮೊದಲು ಖಾಲಿಯಾಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರವನ್ನಷ್ಟೇ ಕೊಟ್ಟು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಾರದಲ್ಲಿ ಯಕೃತ್ತಿನ ಕೊಬ್ಬು ಗಣನೀಯವಾಗಿ ಇಳಿದು ಉಪವಾಸದ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಆ ಬಗೆಯ ಕಠಿಣ ಪಥ್ಯವನ್ನು ವೈದ್ಯರ ಉಸ್ತುವಾರಿಯಿಲ್ಲದೆ ಯಾರೂ ಮಾಡಬಾರದು, ಮಾಡಬೇಕಾಗಿಯೂ ಇಲ್ಲ. ತೂಕದ ಶೇಕಡಾ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10ರಷ್ಟು ಇಳಿದರೆ ಹೆಚ್ಚಿನವರಲ್ಲಿ ಉರಿಯೂತ ತಗ್ಗುತ್ತದೆ, 10 ದಾಟಿದರೆ ನಾರು ಕೂಡ ಹಿಂದೆ ಸರಿಯಬಹುದು. 72 ಕಿಲೋದ ತಮ್ಮನಿಗೆ ಶೇಕಡಾ 7ರಿಂದ 10 ಎಂದರೆ ಐದರಿಂದ ಏಳು ಕಿಲೋದ ಮಾತು.

ತೂಕ ಇಳಿಯುವ ಮೊದಲೇ ನೆರವಿಗೆ ಬರುವುದು ಸ್ನಾಯು. ಕೆಲಸ ಮಾಡುತ್ತಿರುವ ಸ್ನಾಯುವಿಗೆ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳಲು ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲ, ಸಂಕುಚನವೇ ಆ ಬಾಗಿಲನ್ನು ತೆರೆಯುತ್ತದೆ. ಊಟದ ಬಳಿಕ ಹದಿನೈದು ನಿಮಿಷ ನಡೆದವರ ದೇಹದಲ್ಲಿ ಯಕೃತ್ತಿಗೆ ಹೋಗಬೇಕಾಗಿದ್ದ ಗ್ಲೂಕೋಸಿನ ಒಂದು ಪಾಲು ಕಾಲಿನ ಸ್ನಾಯುಗಳಿಗೆ ಸೇರುತ್ತದೆ. ಅನ್ನದ ಪಾಲನ್ನು ಅರ್ಧಕ್ಕಿಳಿಸಿ ಆ ಜಾಗದಲ್ಲಿ ಹೆಸರುಕಾಳು, ಹುರುಳಿ, ಬಸಳೆ, ಹರಿವೆ, ತೊಂಡೆಕಾಯಿಯ ಪಲ್ಯ, ತಿನ್ನುವವರಾದರೆ ಬೂತಾಯಿ ಬಂಗುಡೆಯ ಪುಳಿಮುಂಚಿ ಬಂದರೆ ನಮ್ಮ ಊಟ ನಮ್ಮದಾಗಿಯೇ ಉಳಿಯುತ್ತದೆ.

ಔಷಧಿಗಳು ಈಗಷ್ಟೇ ಬರುತ್ತಿವೆ. ನಾರು ಬೆಳೆದಿರುವ ರೋಗಿಗಳಿಗಾಗಿ ಅಮೆರಿಕ 2024ರಲ್ಲಿ ರೆಸ್ಮೆಟಿರೋಮ್, 2025ರಲ್ಲಿ ಸೆಮಾಗ್ಲುಟೈಡ್ ಬಳಕೆಗೆ ಅನುಮತಿ ನೀಡಿತು. ಗ್ರೇಡು ನೋಡಿ ಹೆದರಿದವರೆಲ್ಲರಿಗೂ ಅವು ಬೇಕಾಗಿಲ್ಲ. ಇನ್ನು, ಲಿವರ್ ಎಂದ ಕೂಡಲೇ ನಮ್ಮಲ್ಲಿ ನೆಲನೆಲ್ಲಿಯ ಕಷಾಯ, ಅಮೃತಬಳ್ಳಿಯ ರಸ ಶುರುವಾಗುತ್ತವೆ. ಅಮೃತಬಳ್ಳಿಯನ್ನು ದಿನವೂ ಸೇವಿಸಿದ ಕೆಲವರಲ್ಲಿ ಯಕೃತ್ತಿಗೇ ಹಾನಿಯಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಈಗಾಗಲೇ ಭಾರ ಹೊತ್ತಿರುವ ಅಂಗಕ್ಕೆ ಅಂಥ ಪರೀಕ್ಷೆ ಬೇಡವೆಂದು ತಮ್ಮನಿಗೆ ಕೈಮುಗಿದು ಹೇಳಿದ್ದೇನೆ.

ಅವನ ವೈದ್ಯರು ಒಂದು ವರ್ಷದ ಬಳಿಕ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಲೆಕ್ಕ ಹಾಕೋಣ ಎಂದಿದ್ದಾರೆ. ಅಲ್ಲಿಯವರೆಗೆ ತಿಂಗಳ ಮೊದಲ ಭಾನುವಾರ ಟೇಪು ಹಿಡಿದು ಸೊಂಟ ಅಳೆಯುವ ಕೆಲಸವನ್ನು ಅವನ ಹೆಂಡತಿ ವಹಿಸಿಕೊಂಡಿದ್ದಾಳೆ. ಕಳೆದ ಸಲ 92 ಇತ್ತು.